ಕಡಲ ದಡದಲ್ಲಿ ಒಂದು ಒರತೆ

"ಸಮುದ್ರ ನೋಡೋಕೆ ಗ್ರೀಸ್‌ವರೆಗೂ ಹೋಗ್ಬೇಕಾ? ಗೋಕರ್ಣ ಏನಾಗಿತ್ತು?" ಎಂದು ನಮ್ಮ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೊರಟಿದ್ದು ಸಮುದ್ರಕ್ಕಲ್ಲ, ಒಂದು ಹೆಸರಿಗೆ ಮರುಳಾಗಿ ಎಂದು ಹೇಳಿದ್ದರೆ ಅವರಿಗೆ ಇನ್ನೂ ಸಿಟ್ಟು ಬರುತ್ತಿತ್ತು. ಸುಮ್ಮನಾದೆ.

ಆ ಹೆಸರು ಗ್ಲಿಕಾ ನೆರಾ. ಕ್ರೀಟ್ ದ್ವೀಪದ ದಕ್ಷಿಣ ಕರಾವಳಿಯಲ್ಲಿ, ಲಿಬಿಯನ್ ಸಮುದ್ರದ ಅಂಚಿಗೆ, ಬೆಟ್ಟದ ಬುಡದಲ್ಲಿ ಅಡಗಿಕೊಂಡ ಒಂದು ಸಣ್ಣ ಬೀಚು. ಕಾರು ಹೋಗುವುದಿಲ್ಲ. ನಡೆಯಬೇಕು, ಇಲ್ಲವೇ ಬೋಟು ಹಿಡಿಯಬೇಕು. ಹೆಸರಿನ ಅರ್ಥ 'ಸಿಹಿ ನೀರು'. ಉಪ್ಪಿಲ್ಲದ ನೀರನ್ನು ಗ್ರೀಕರೂ ನಮ್ಮ ಹಾಗೆ ಸಿಹಿ ನೀರು ಅಂತಲೇ ಕರೆಯುತ್ತಾರೆ. ಸಕ್ಕರೆ ಹಾಕದ ನೀರನ್ನು ಸಿಹಿ ಅನ್ನಬೇಕಾದರೆ ಆ ಜನ ಬಾಯಾರಿಕೆ ಕಂಡವರೇ ಇರಬೇಕು. ಅಷ್ಟಕ್ಕೇ ನನಗೆ ಅವರು ನೆಂಟರಾದ ಹಾಗಾಯಿತು.

ನಮ್ಮ ಯಜಮಾನರದು ಇನ್ನೂ ದೊಡ್ಡ ನೆಂಟಸ್ತಿಕೆ. ಗ್ರೀಕಿನಲ್ಲಿ ನೀರಿಗೆ 'ನೆರೊ' ಅನ್ನುತ್ತಾರೆ ಎಂದು ಗೊತ್ತಾದ ಕೂಡಲೇ "ನೋಡಿದ್ಯಾ, ನಮ್ಮ ನೀರು!" ಎಂದು ವಿಮಾನದಲ್ಲೇ ಎದ್ದು ಕೂತರು. ಅದು ಸುಮ್ನೆ ಕಾಕತಾಳೀಯ. ಹಳೆಯ ಗ್ರೀಕರು ನೀರಿಗೆ 'ಹೈಡೋರ್' ಅನ್ನುತ್ತಿದ್ದರು. ತಾಜಾ ನೀರು ಅನ್ನುವಾಗಿನ 'ತಾಜಾ' ಅನ್ನುವ ಅರ್ಥದ ಗ್ರೀಕ್ ಪದವೇ ಸವೆದು ಸವೆದು 'ನೆರೊ' ಆಯಿತಂತೆ. ಆದರೂ ಅವರ ಉತ್ಸಾಹ ಇಳಿಯಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಅನ್ನುವ ಜೊಂಡಿನ ಹಾಳೆಯ ಮೇಲಿನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂದು ಹುಲ್ಟ್ಶ್ ಅನ್ನುವ ಜರ್ಮನ್ ಪಂಡಿತರು 1904ರಲ್ಲೇ ಹೇಳಿದ್ದನ್ನು ನೆನಪಿಸಿದರು. ಎಲ್ಲ ಪಂಡಿತರೂ ಅದನ್ನು ಒಪ್ಪಿಲ್ಲ. ಕಥೆ ಮಾತ್ರ ಮಜವಾಗಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯನ್ನು ಬಿಡಿಸಲು ಅವಳ ಕಡೆಯವರು ಬರುತ್ತಾರೆ. ಇಲ್ಲಿನ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ, ಅವನು ತೂರಾಡುತ್ತಿದ್ದಾಗ ಹಡಗು ಹತ್ತುತ್ತಾರೆ. ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ನಮ್ಮವನಿಗೆ ಅದು ಗೊತ್ತಿರಲಿಲ್ಲ, ಪಾಪ.

ಹೋರಾ ಸ್ಫಾಕಿಯೋನ್ ಅನ್ನುವ ಊರಿನಿಂದ ಸುಮಾರು ಒಂದು ಗಂಟೆ ನಡಿಗೆ. ಬೆಟ್ಟದ ಪಕ್ಕೆಯನ್ನು ಕಡಿದು ಮಾಡಿದ ಕಾಲುದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸೀದಾ ಸಮುದ್ರ. ನೆರಳಿಲ್ಲ. ಜೂನ್ ತಿಂಗಳ ಬಿಸಿಲಿಗೆ ಕಲ್ಲು ಕಾದ ಹೆಂಚಾಗಿತ್ತು. ಎದುರಿಗೆ ಮೇಕೆಗಳು ಬಂದವು. ದಾರಿ ಬಿಡಬೇಕಾದದ್ದು ನಾವೇ ಅನ್ನುವುದರಲ್ಲಿ ಅವಕ್ಕೆ ಸಂಶಯ ಇರಲಿಲ್ಲ.

ಇಳಿದಾಗ ಕಂಡದ್ದು ಬೆಣಚುಕಲ್ಲಿನ ದಡ, ನಾಲ್ಕಾರು ಮರ, ನೀರಿನ ಅಂಚಿಗೇ ಒಂದು ಪುಟ್ಟ ಹೋಟೆಲು. ಆಮೇಲೆ ಜನ. ಹತ್ತಿಪ್ಪತ್ತು ಮಂದಿ ಇರಬಹುದು. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಮೈಮೇಲೆ ಟೋಪಿ ಬಿಟ್ಟರೆ ಏನೂ ಇರಲಿಲ್ಲ.

ಯಜಮಾನರು ತಕ್ಷಣ ಬೆಟ್ಟ ನೋಡಲು ಶುರು ಮಾಡಿದರು. ಅಷ್ಟು ಶ್ರದ್ಧೆಯಿಂದ ಅವರು ಮದುವೆಮನೆಯಲ್ಲಿ ಮಂತ್ರವನ್ನೂ ಕೇಳಿದವರಲ್ಲ. ನಾನು ಚೂಡಿದಾರದಲ್ಲಿದ್ದೆ. ಅಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡಿಸಿಕೊಂಡವಳು ನಾನೊಬ್ಬಳೇ, ಮೈತುಂಬ ಬಟ್ಟೆ ಹಾಕಿಕೊಂಡ ತಪ್ಪಿಗೆ.

ಇಂಥ ಜಾಗಗಳ ಒಂದು ತಮಾಷೆ ಗಮನಿಸಿ. ಯಾರೂ ಇರಲ್ಲ ಅಂತ ಎಲ್ಲರೂ ಬಂದಿರುತ್ತಾರೆ. ಹೊಸಬರು ಇಳಿದು ಬಂದ ಕೂಡಲೇ ಮೊದಲೇ ಕೂತವರ ಮುಖದಲ್ಲಿ 'ಅಯ್ಯೋ, ಇನ್ನಿಬ್ಬರು' ಅನ್ನುವ ಭಾವ. ಗೋಕರ್ಣದಲ್ಲಿ ಗುಡ್ಡ ಹತ್ತಿಳಿದು ಹಾಫ್ ಮೂನ್ ಬೀಚಿಗೆ ಹೋದಾಗಲೂ ಇದೇ ಮುಖ ಕಂಡಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಇನ್ನೊಂದು ಜೋಡಿ ಇಳಿದು ಬಂತು. ನನ್ನ ಮುಖದಲ್ಲೂ ಅದೇ ಬಂದಿರಬೇಕು.

ಸದ್ದಿಲ್ಲದ ಜಾಗ ಅನ್ನುವುದೂ ಅಷ್ಟು ನಿಜವಲ್ಲ. ಮರಳಿನ ದಡದಲ್ಲಿ ಅಲೆ ಉಸ್ ಎಂದು ಕೂತುಬಿಡುತ್ತದೆ. ಇಲ್ಲಿ ಹಿಂದೆ ಸರಿಯುವಾಗ ಕಲ್ಲುಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೊರದಲ್ಲಿ ಕಡಲೆ ಕೇರಿದ ಹಾಗೆ ಗರಗರ ಸದ್ದು. ಕೇಳುತ್ತಾ ಕೇಳುತ್ತಾ ನಿದ್ದೆ ಬಂತು. ಎದ್ದಾಗ ಬಾಯಿ ಒಣಗಿತ್ತು, ಬಾಟಲಿ ಖಾಲಿ.

ಆಗ ನೆನಪಾಯಿತು, ಬಂದಿದ್ದು ಯಾವುದಕ್ಕೆ ಅಂತ.

ನಮ್ಮಜ್ಜಿಯ ಊರು ವೇದಾವತಿ ದಡದಲ್ಲಿ. ಬೇಸಿಗೆಯಲ್ಲಿ ಹೊಳೆ ಅಂದರೆ ಬರೀ ಮರಳು. ಅಜ್ಜಿ ಮರಳು ಬಗೆದು ಒರತೆ ತೆಗೆಯುತ್ತಿದ್ದರು. ಮೊದಲ ನೀರು ಕದಡಿರುತ್ತದೆ, ಅದನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೆಲ್ಲಬೇಕು. ಎರಡನೆಯದನ್ನೂ ಚೆಲ್ಲಬೇಕು. ಮೂರನೆಯದು ತಿಳಿ. "ಅವಸರ ಮಾಡಿದ್ರೆ ಕೆಸರು ಕುಡೀತೀಯ" ಅನ್ನುತ್ತಿದ್ದರು.

ಸಮುದ್ರದಿಂದ ನಾಲ್ಕು ಹೆಜ್ಜೆ ಹಿಂದೆ ಕೂತು ಬೆಣಚುಕಲ್ಲು ಸರಿಸತೊಡಗಿದೆ. "ಏನೇ ಇದು, ಎಲ್ಲರೂ ನೋಡ್ತಿದಾರೆ" ಅಂದರು ಇವರು, ಬೆಟ್ಟದ ಕಡೆಗೆ ತಿರುಗಿಕೊಂಡೇ. ಮೊಣಕೈ ಆಳ ಹೋಗುವಷ್ಟರಲ್ಲಿ ಬೆರಳಿಗೆ ಚುರುಕ್ ಎಂದು ತಂಪು ತಾಗಿತು. ಫ್ರಿಜ್‌ನಿಂದ ತೆಗೆದಂಥ ತಂಪು. ಹಿಂದಿನ ಬೆಟ್ಟಸಾಲಿನ ಹೆಸರು ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳು. ಅದರ ಪಾಹ್ನೆಸ್ ಶಿಖರ 2,453 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಚಳಿಗಾಲದಲ್ಲಿ ಮೇಲೆ ಹಿಮ ಬೀಳುತ್ತದೆ. ಎಲ್ಲ ಸುಣ್ಣಕಲ್ಲು, ಜರಡಿಯ ಹಾಗೆ. ಮಳೆ ನೀರು, ಕರಗಿದ ಹಿಮ ಎಲ್ಲ ಮೇಲೆ ನಿಲ್ಲದೆ ಒಳಗಿಳಿದು, ಕತ್ತಲಲ್ಲೇ ದಾರಿ ಮಾಡಿಕೊಂಡು, ಕೊನೆಗೆ ಈ ಕಲ್ಲುಗಳ ಅಡಿಯಲ್ಲಿ ಹೊರಗೆ ಬರುತ್ತದೆ. ಅಷ್ಟು ದೂರ ಬಂದು, ಇನ್ನು ನಾಲ್ಕೇ ಹೆಜ್ಜೆ ಹೋದರೆ ಲೀಟರಿಗೆ ಹತ್ತಿರ ಹತ್ತಿರ 40 ಗ್ರಾಂನಷ್ಟು ಉಪ್ಪಿರುವ ನೀರು. ಅಲ್ಲಿ ಉಬ್ಬರವಿಳಿತ ಹೆಸರಿಗೆ ಮಾತ್ರ, ಹಾಗಾಗಿ ನನ್ನ ಗುಂಡಿಗೆ ಕಡಲು ನುಗ್ಗಲಿಲ್ಲ.

ಚಿಪ್ಪಿರಲಿಲ್ಲ, ಬಾಟಲಿಯ ಮುಚ್ಚಳ ಇತ್ತು. ಒಂದು ಸಲ ಚೆಲ್ಲಿದೆ. ಎರಡು ಸಲ ಚೆಲ್ಲಿದೆ. ಮೂರನೆಯದು ತಿಳಿಯಾಗಿ ಬಂತು. ಕುಡಿದೆ. ನಾಲಿಗೆಯ ತುದಿಯಲ್ಲಿ ಎಲ್ಲೋ ಚೂರು ಉಪ್ಪಿನ ನೆನಪು, ಉಳಿದಂತೆ ಸಿಹಿ.

ಪಕ್ಕದ ಟೋಪಿಯ ಹೆಂಗಸು ಎದ್ದು ಬಂದರು. ಗುಂಡಿ ನೋಡಿದರು, ಸಮುದ್ರ ನೋಡಿದರು, ನನ್ನನ್ನು ನೋಡಿದರು. ಬೆರಳು ಅದ್ದಿ ನಾಲಿಗೆಗೆ ತಾಗಿಸಿದವರೇ ಗಂಡನನ್ನು ಕೂಗಿದರು. ಅವರು ಬಾಟಲಿ ಹಿಡಿದು ಬಂದರು. ಅವರ ಹಿಂದೆ ಇನ್ನೊಬ್ಬರು. ನಾನು ಮೊದಲ ನೀರು ಚೆಲ್ಲಬೇಕೆಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟೆ.

ಸಂಜೆ ಬೋಟು ಬಂತು. ಹತ್ತಿ ಕೂತು ತಿರುಗಿ ನೋಡಿದೆ. ನನ್ನ ಒರತೆಯ ಮುಂದೆ ಐದಾರು ಮಂದಿ ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮೂರ ಬೀದಿ ನಲ್ಲಿಯ ಮುಂದೆ ನಿಂತ ಹಾಗೇ. ಬಟ್ಟೆ ಮಾತ್ರ ಇರಲಿಲ್ಲ.

"ಈಗ ಈ ಕಡೆ ತಿರುಗಬಹುದಾ?" ಅಂದರು ಇವರು.

"ಇನ್ನೂ ಸ್ವಲ್ಪ ದೂರ ಹೋಗ್ಲಿ ತಾಳಿ" ಅಂದೆ.