ಕುಮ್ಕಿಗೆ ಅರ್ಥ ಹೇಳುವವರು

ಕಾಸರಗೋಡಿನ ವಿದ್ಯಾನಗರದಲ್ಲಿ, ನ್ಯಾಯಾಲಯದಿಂದ ಕೂಗಳತೆಯ ದೂರದಲ್ಲಿ ನನ್ನದೊಂದು ಪುಟ್ಟ ಕೊಠಡಿ ಇದೆ. ಹಳೆಯ ಕನ್ನಡ ದಸ್ತಾವೇಜುಗಳನ್ನು ಓದಿ ಮಲಯಾಳಕ್ಕೆ ತರುವುದು ನನ್ನ ಕೆಲಸ. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನನ್ನ ಮೇಜಿಗೆ ಬರುವ ಅಜ್ಜಂದಿರ ಕಾಲದ ಗೇಣಿಚೀಟು, ಪಾಲುಪಟ್ಟಿ, ಕ್ರಯಪತ್ರಗಳು ಕನ್ನಡದಲ್ಲೇ ಇರುತ್ತವೆ. ಅವನ್ನು ಹಿಡಿದು ಇಂದು ವಾದಿಸಬೇಕಾದ ಎಳೆಯ ವಕೀಲರಲ್ಲಿ ಅನೇಕರಿಗೆ ಕನ್ನಡ ಬಾರದು. ಬಂದವರಿಗೂ ಶ್ಯಾನುಭೋಗರ ಆ ಬರವಣಿಗೆ ಕಣ್ಣಿಗೆ ಹತ್ತುವುದಿಲ್ಲ. ಅಕ್ಷರ ಹತ್ತಿದರೂ ಮಾತು ಹತ್ತಬೇಕಲ್ಲ. ನೀರಿನ ಆಸರೆ ನೋಡಿ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಕರೆಯುವುದು, ಗೇಣಿಯನ್ನು ಅಕ್ಕಿಮುಡಿಯಲ್ಲಿ ಎಣಿಸುವುದು, ವರ್ಗ ಜಮೀನಿನ (ಕಂದಾಯ ಕಟ್ಟುವ ಖಾಸಗಿ ಹಿಡುವಳಿಯ) ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು ಸೌದೆ ತರುವ ಕುಮ್ಕಿ ಹಕ್ಕು, ಇವೆಲ್ಲ ಈ ಮಣ್ಣಿನಲ್ಲಿ ಬೆಳೆದವರಿಗೆ ಮಾತ್ರ ಸಲೀಸು.

ಗೇಣಿಯನ್ನು ‘ಪಾಟ್ಟಂ’ ಎಂದು ದಾಟಿಸಬಹುದು. ಕುಮ್ಕಿಯನ್ನು ಹಾಗೆ ಒಂದೇ ಪದದಲ್ಲಿ ದಾಟಿಸಲು ನನಗೆ ಇಂದಿಗೂ ಆಗಿಲ್ಲ.

ಈ ಕೆಲಸ ಇಪ್ಪತ್ತು ವರ್ಷಗಳಿಂದ ನನ್ನ ಮನೆಯನ್ನು ನಡೆಸಿದೆ. ಅದಕ್ಕೂ ಹಿಂದಿನ ಏಳೆಂಟು ವರ್ಷ ನಾನು ಇದೇ ತಿಳಿವಳಿಕೆಯನ್ನು ಬಚ್ಚಿಡಲು ಪಟ್ಟ ಪಾಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಾಲೇಜಿಗೆಂದು ಕೇರಳದ ತೆಂಕಣ ಜಿಲ್ಲೆಯೊಂದಕ್ಕೆ ಹೋದಾಗ ನನ್ನ ಮಲಯಾಳಕ್ಕೆ ಗೆಳೆಯರು ನಗುತ್ತಿದ್ದರು. ವರ್ಷದೊಳಗೆ ಅವರಂತೆಯೇ ಮಾತಾಡಲು ಕಲಿತೆ. ಕನ್ನಡ ಪತ್ರಿಕೆಯನ್ನು ಹಾಸಿಗೆಯ ಅಡಿಯಲ್ಲಿಟ್ಟು ಓದುತ್ತಿದ್ದೆ. ಆಮೇಲೆ ಬೆಂಗಳೂರಿನ ಕಚೇರಿಯೊಂದರಲ್ಲಿ ನಾಲ್ಕು ವರ್ಷ. ಅಲ್ಲಿ ಇನ್ನೊಂದು ಬಗೆ. ವಿಳಾಸದಲ್ಲಿ ಕೇರಳ ಎಂದಿದ್ದುದರಿಂದ ‘ಕನ್ನಡ ಎಷ್ಟು ಬೇಗ ಕಲಿತಿರಿ!’ ಎಂದು ಮೆಚ್ಚಿಕೊಂಡವರಿದ್ದರು. ‘ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ’ ಎಂದವರು ಇನ್ನೂ ಹೆಚ್ಚು. ಅಲ್ಲಿಯೂ ನಾಲಗೆಯನ್ನು ಉಜ್ಜಿ ಉಜ್ಜಿ ನಯಗೊಳಿಸಿಕೊಂಡೆ. ಎರಡು ಊರುಗಳಲ್ಲಿಯೂ ಸಾಧಾರಣನಾಗಿಯೇ ಉಳಿದೆ. ಅವರಿಗಿಂತ ಚೆನ್ನಾಗಿ ಅವರಾಗುವುದು ಹೇಗೆ ಸಾಧ್ಯ?

ಎರಡೂ ಕಡೆ ಬಾಳಿದ ಮೇಲೆ ನನಗೆ ಕಂಡ ವ್ಯತ್ಯಾಸವನ್ನು ಹೇಳಲೇಬೇಕು. ಬೆಂಗಳೂರಿಗೆ ಬರುವ ಕನ್ನಡಿಗ ತನ್ನ ಊರಿನ ಕನ್ನಡವನ್ನು ಬಸ್ ನಿಲ್ದಾಣದಲ್ಲೇ ಇಳಿಸಿಬಿಡುತ್ತಾನೆ. ಧಾರವಾಡದವನೂ ಕುಂದಾಪುರದವನೂ ಚಾಮರಾಜನಗರದವನೂ ಕಚೇರಿಯಲ್ಲಿ ಒಂದೇ ಎರಕದ ಮಾತಾಡುತ್ತಾರೆ. ಊರಿನಿಂದ ತಾಯಿ ದೂರವಾಣಿ ಮಾಡಿದಾಗ ಮಾತ್ರ ಎದ್ದು ಹೊರಗೆ ಹೋಗಿ ತಮ್ಮ ನುಡಿಗೆ ಮರಳುತ್ತಾರೆ. ಮಲಯಾಳಿಗಳು ಹಾಗಲ್ಲ. ದುಬೈ ಇರಲಿ, ಮುಂಬೈ ಇರಲಿ, ಹೋದಲ್ಲಿ ಸಮಾಜ ಕಟ್ಟುತ್ತಾರೆ, ಓಣಂ ದಿನ ಎಲೆ ಹಾಕಿ ಪಕ್ಕದ ಮನೆಯವರನ್ನೂ ಕೂರಿಸುತ್ತಾರೆ, ಊರಿನ ಹೆಸರನ್ನು ಕೇಳುವ ಮೊದಲೇ ಹೇಳುತ್ತಾರೆ. ನಮ್ಮ ಊರನ್ನು ಕೇರಳಕ್ಕೆ ಸೇರಿಸಿದ ನೋವು ನನ್ನ ತಂದೆಯವರ ತಲೆಮಾರಿನಲ್ಲಿ ಕೊನೆಯವರೆಗೂ ಆರಲಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿದ ನೋವು ನನ್ನದೂ ಹೌದು. ಆದರೂ ತಮ್ಮತನವನ್ನು ನಾಚಿಕೆಯಿಲ್ಲದೆ ಹೊತ್ತು ತಿರುಗುವ ಈ ಗುಣವನ್ನು ನಾನು ಮಲಯಾಳಿ ನೆರೆಯವರಿಂದಲೇ ಕಲಿತೆ.

ಹಾಗಾದರೆ ನಮ್ಮತನ ಎಂದರೆ ಯಾವುದು? ಇಲ್ಲಿ ನನ್ನ ಜನರೊಂದಿಗೇ ನನಗೆ ಸ್ವಲ್ಪ ಜಗಳವಿದೆ. ಗಡಿನಾಡಿನ ಸಭೆಗಳಲ್ಲಿ ‘ಅಚ್ಚ ಕನ್ನಡಿಗರು’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ನಮ್ಮ ಹಿರಿಯರನ್ನೇ ನೋಡಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಕರೆದದ್ದು ಕನ್ನಡ ಕಾವ್ಯಕ್ಕಾಗಿ. ಕನ್ನಡಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿ ನೂರು ತುಂಬಿದ ಮೇಲೆ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ತುಳುವಿನಲ್ಲಿಯೂ ಬರೆದರು. ಇಬ್ಬರೂ ಮನೆಯ ನುಡಿಯನ್ನು ಬಿಟ್ಟುಕೊಡದೆಯೇ ಕನ್ನಡದ ದೊಡ್ಡ ಕವಿಗಳಾದರು. ಏಳು ಭಾಷೆಗಳು ಸೇರುವ ನೆಲ ಎಂದು ನಮ್ಮ ಜಿಲ್ಲೆಯನ್ನು ಹೊಗಳುತ್ತಾರೆ. ಆ ಏಳರ ನಡುವೆ ನಿಂತಿರುವ ಕನ್ನಡ ನಮ್ಮದು. ಮೈಸೂರಿನವರಲ್ಲಿಲ್ಲದ, ಕೊಲ್ಲಂನವರಲ್ಲಿಯೂ ಇಲ್ಲದ ಆಸ್ತಿ ಅದು.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರ ಬಾಯಲ್ಲಿದೆ. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನಿಗೆ ಕುತ್ತು ಬಂದಾಗ ಅವರು ಹೂಡಿದ ದಾವೆಯನ್ನು ಹದಿಮೂರು ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂಬ ತೀರ್ಪು ಬಂತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನಮ್ಮ ಊರಿನವರಿಗೆ ಅವರು ಯಕ್ಷಗಾನದ ಭಾಗವತಿಕೆ ಮಾಡುತ್ತಿದ್ದ ಸ್ವಾಮಿಗಳು. ಮಠದ ಘನತೆಗೆ ಇದು ಒಗ್ಗದು ಎಂದು ಅವರು ಜಾಗಟೆಯನ್ನು ಕೆಳಗಿಡಲಿಲ್ಲ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಪಿತಾಮಹನೆಂದು ಕರೆಸಿಕೊಳ್ಳುವ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು, ಇಲ್ಲಿ ಅದು ಹಾಗೆಯೇ ನಡೆಯಬೇಕು.

ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಅವರ ದಾರಿಯೂ ಇಂಥದ್ದೇ. ಸುತ್ತಲಿನ ಗದ್ದೆಗಳೆಲ್ಲ ಅಡಿಕೆ ತೋಟಗಳಾಗುತ್ತಿದ್ದ ಕಾಲದಲ್ಲಿ ಅವರು ರಾಜಕಯಮೆಯಂಥ ಭತ್ತದ ತಳಿಗಳ ಬೆನ್ನು ಹತ್ತಿದರು. ದೊಡ್ಡ ಗದ್ದೆ ಇಲ್ಲದಿದ್ದರೂ ಚೀಲಗಳಲ್ಲಿ ಸಸಿ ಬೆಳೆಸಿ 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿದರು. 2024ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಎಲ್ಲರೂ ಬಿಟ್ಟದ್ದನ್ನು ಒಬ್ಬರು ಕೈಬಿಡದೆ ಹಿಡಿದಿದ್ದರು.

‘ನಿನ್ನತನವನ್ನು ಅಪ್ಪಿಕೋ, ಗೆಲ್ಲುತ್ತೀಯ’ ಎಂದು ಇಲ್ಲಿನ ಮಕ್ಕಳಿಗೆ ಬರಿಗೈಯಲ್ಲಿ ಉಪದೇಶಿಸುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನನ್ನ ಅಕ್ಕನ ಮಗಳು ಓದಿದ ಕನ್ನಡ ಮಾಧ್ಯಮ ಶಾಲೆಗೆ ಒಂದು ವರ್ಷ ಕನ್ನಡವೇ ಬಾರದ ಗಣಿತದ ಅಧ್ಯಾಪಕರು ಬಂದಿದ್ದರು. ಪಾಪ, ಅವರ ತಪ್ಪಲ್ಲ, ನೇಮಿಸಿದವರ ತಪ್ಪು. ಮಕ್ಕಳು ಹಲಗೆಯ ಮೇಲಿನ ಅಂಕಿಗಳನ್ನಷ್ಟೇ ನೋಡುತ್ತ ವರ್ಷ ಕಳೆದರು. ಆ ತರಗತಿಯಲ್ಲಿ ತನ್ನತನ ಎಂಬುದು ಮಗುವಿಗೆ ಶಿಕ್ಷೆಯಾಗಿಬಿಟ್ಟಿತ್ತು. ಬಿತ್ತಲು ನೆಲವನ್ನೇ ಕೊಡದೆ ಬೀಜದ ಗುಣವನ್ನು ಹೊಗಳಿದರೆ ಏನು ಬಂತು? ಕನ್ನಡ ಬಲ್ಲ ಅಧ್ಯಾಪಕ, ಕನ್ನಡದಲ್ಲಿ ಅರ್ಜಿ ನಮೂನೆ, ಕನ್ನಡದಲ್ಲಿ ಪ್ರಶ್ನೆಪತ್ರಿಕೆ, ಇವುಗಳಿಗಾಗಿ ಕೇಳುತ್ತಲೇ ಇರಬೇಕು, ಬೀದಿಗಿಳಿಯಬೇಕಾದರೆ ಇಳಿಯಬೇಕು.

ಕೇಳಿದ್ದರಿಂದ ಸಿಕ್ಕಿದ್ದೂ ಇದೆ. ಕೇರಳ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ, ಕನ್ನಡ ಭಾಷಣ, ಯಕ್ಷಗಾನಗಳಿಗೆ ಸ್ಪರ್ಧೆಗಳಿವೆ. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗೆಂದೇ ಕೇರಳ ಲೋಕಸೇವಾ ಆಯೋಗ ಪ್ರತ್ಯೇಕ ಅರ್ಜಿ ಕರೆಯುತ್ತದೆ. ಆ ಹುದ್ದೆಯ ಹೆಸರನ್ನೇ ಒಮ್ಮೆ ಗಮನಿಸಿ. ನಾನು ಹಾಸಿಗೆಯ ಅಡಿಯಲ್ಲಿ ಬಚ್ಚಿಟ್ಟದ್ದು ಅಲ್ಲಿ ಅರ್ಹತೆ. ಗಡಿಯ ಮಕ್ಕಳಿಗೆ ಮಲಯಾಳವನ್ನು ಚೆನ್ನಾಗಿ ಕಲಿಯಿರಿ ಎಂದು ನಾನು ಒತ್ತಿ ಹೇಳುವುದೂ ಇದಕ್ಕಾಗಿಯೇ. ಹಿರಿಯರಲ್ಲಿ ಕೆಲವರಿಗೆ ಇದು ಸೇರುವುದಿಲ್ಲ. ಎರಡು ದಡಗಳನ್ನೂ ಮುಟ್ಟದ ಸೇತುವೆಯ ಮೇಲೆ ಯಾರು ನಡೆದಾರು?

ಅಕ್ಕನ ಮಗಳು ಈಗ ಕಾನೂನು ಓದುತ್ತಿದ್ದಾಳೆ, ರಜೆಯಲ್ಲಿ ನನ್ನ ಕೊಠಡಿಗೆ ಬರುತ್ತಾಳೆ. ಕಳೆದ ವಾರ ಬದಿಯಡ್ಕದ ಕಡೆಯಿಂದ ಬಂದ ಮೂಲಗೇಣಿ (ಶಾಶ್ವತ ಗೇಣಿ) ಚೀಟೊಂದನ್ನು ಅವಳ ಕೈಗೆ ಕೊಟ್ಟೆ. ಹುಳು ತಿಂದ ಅಂಚು, ಕಂದಿದ ಶಾಯಿ. ಚಕ್ಕುಬಂದಿಯವರೆಗೆ ತಡೆಯಿಲ್ಲದೆ ಓದಿದಳು. ಆಮೇಲೆ ಪೆನ್ನು ನಿಂತಿತು.

“ಮಾವ, ಕುಮ್ಕಿಗೆ ಮಲಯಾಳದಲ್ಲಿ ಏನು ಬರೆಯಲಿ?”

“ನಿನಗೆ ಸರಿ ಕಂಡದ್ದನ್ನು ಬರೆ” ಎಂದೆ.

ಸಂಜೆ ನೋಡಿದರೆ, ಮಲಯಾಳ ಲಿಪಿಯಲ್ಲಿ ‘ಕುಮ್ಕಿ’ ಎಂದೇ ಬರೆದು, ಅದರ ಕೆಳಗೆ ನಾಲ್ಕು ಸಾಲುಗಳಲ್ಲಿ ಹಕ್ಕಿನ ವಿವರ ಕೊಟ್ಟಿದ್ದಳು. ಒಂದಕ್ಷರವನ್ನೂ ತಿದ್ದದೆ ಮುದ್ರೆ ಒತ್ತಿದೆ.