ರೇಸ್ ಬಿಟ್ಟ ಕುದುರೆ ಮೊದಲು ಕಲಿಯಬೇಕಾದದ್ದು ನಿಲ್ಲುವುದನ್ನು

ರೇಸ್‌ಕೋರ್ಸಿನಿಂದ ನಿವೃತ್ತವಾದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಕುದುರೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಎರಡೇ ವಾರಕ್ಕೆ "ಇದಕ್ಕೆ ಹುಚ್ಚು" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ತನಗೆ ಕಲಿಸಿದ್ದನ್ನೇ ಮಾಡುತ್ತಿದೆ. ಬಹಳಷ್ಟು ಕುದುರೆಗಳು ಎರಡು ವರ್ಷ ವಯಸ್ಸಿಗೇ ಓಟಕ್ಕೆ ಇಳಿದಿರುತ್ತವೆ. ಲಗಾಮು ಬಿಗಿಯಾದರೆ ಅದರ ಮೇಲೆ ಭಾರ ಹಾಕಿ ಓಡುವುದು ಅವುಗಳಿಗೆ ರೂಢಿ. ಓಟದಲ್ಲಿ ಜಾಕಿ ರಿಕಾಪಿನ (ಜೀನಿನಿಂದ ಇಳಿಬಿಟ್ಟ ಕಾಲುಬಳೆಯ) ಮೇಲೆ ಎದ್ದು ನಿಂತಿರುತ್ತಾನೆ, ಬೆನ್ನ ಮೇಲೆ ಪೂರ್ತಿ ಕೂರುವುದಿಲ್ಲ. ಹೊಸ ಸವಾರ ದಪ್ಪನೆ ಕೂತು, ಹೆದರಿ ಲಗಾಮು ಜಗ್ಗಿದರೆ ಕುದುರೆ ಮುಂದಕ್ಕೆ ನುಗ್ಗದೆ ಇನ್ನೇನು ಮಾಡೀತು?

ತರಬೇತಿಗೆ ಮುಂಚೆ ಹೊಟ್ಟೆ ನೋಡಿ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ; ಮೇವಿಲ್ಲದೆ ಗಂಟೆಗಟ್ಟಲೆ ನಿಂತರೆ ಹುಣ್ಣಾಗುತ್ತದೆ. 450 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕೆ.ಜಿ. ಒಣಹುಲ್ಲು ಬೇಕು. ಕಾಳು ಕಡಿಮೆ ಮಾಡುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಂಡು ಮಾಡಿ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬಂತೆಂದರೆ ಹೊಡೆಯಬೇಡಿ, ಪಶುವೈದ್ಯರನ್ನು ಕರೆಸಿ. ಹಲ್ಲು, ಬೆನ್ನು, ಗೊರಸು, ಜೀನಿನ ಅಳತೆ ಎಲ್ಲವನ್ನೂ ನೋಡಿಸಿ. ನೋವಿರುವ ಪ್ರಾಣಿಗೆ ಪಾಠ ಹತ್ತುವುದಿಲ್ಲ.

ಆಮೇಲೆ ನೆಲದ ಮೇಲಿನ ಕೆಲಸ. ಒಂದು ಹಾಲ್ಟರ್ (ತಲೆಗೆ ತೊಡಿಸುವ ಪಟ್ಟಿ), ಮೂರೂವರೆ ಮೀಟರ್ ಹಗ್ಗ ಸಾಕು. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಏನೂ ಕಾಣದು, ಹಾಗಾಗಿ ಭುಜದ ಕಡೆಯಿಂದ ಹತ್ತಿರ ಹೋಗಿ. ಹಗ್ಗದಿಂದ ಮೂಗಿನ ಮೇಲೆ ತುಸುವೇ ಒತ್ತಡ ಕೊಟ್ಟು ಕಾಯಿರಿ. ಕುದುರೆಯ ಮೈಭಾರ ಹಿಂದಕ್ಕೆ ವಾಲಿದ ತಕ್ಷಣ ಬಿಟ್ಟುಬಿಡಿ. ಕುದುರೆ ಕಲಿಯುವುದು ನೀವು ಒತ್ತಿದಾಗ ಅಲ್ಲ, ಬಿಟ್ಟಾಗ. ಅದು ತಲೆ ಮೇಲಕ್ಕೆ ಎಸೆದ ಗಳಿಗೆಯಲ್ಲಿ ನೀವು ಕೈ ಸಡಿಲಿಸಿದರೆ, ತಲೆ ಎಸೆಯುವುದನ್ನೇ ಕಲಿಸಿದಂತೆ. ಒಂದು ಸೆಕೆಂಡ್ ತಡವಾದರೂ ಪಾಠ ಬದಲಾಗಿಬಿಡುತ್ತದೆ. ಬಹುಪಾಲು ಜನ ಎಡವುವುದು ಇಲ್ಲೇ.

ಹೀಗೆ ಹಿಂದಕ್ಕೆ ಸರಿಯುವುದು ಬಂದ ಮೇಲೆ, ಸವಾರನ ಹಿಮ್ಮಡಿ ತಾಗುವ ಜಾಗಕ್ಕಿಂತ ಸ್ವಲ್ಪ ಹಿಂದೆ ಬೆರಳಿನಿಂದ ಒತ್ತಿ. ಮೊದಲು ಕೂದಲಿಗೆ ತಾಗುವಷ್ಟು, ನಂತರ ಚರ್ಮಕ್ಕೆ, ಆಮೇಲೆ ಮಾಂಸಖಂಡಕ್ಕೆ. ಈಚೆ ಹಿಂಗಾಲು ಆಚೆಯದರ ಮುಂದೆ ದಾಟಿತೋ, ಬೆರಳು ತೆಗೆಯಿರಿ. ಮುಂದೆ ಗಾಬರಿಬಿದ್ದು ಓಡಿದಾಗ ಒಂದೇ ಬದಿಯ ಲಗಾಮು ಎಳೆದು ನಿಲ್ಲಿಸಲು ಇದೇ ಆಧಾರ. ಎಡಗಡೆ ಕಲಿತದ್ದು ಬಲಗಡೆಗೆ ತಾನಾಗಿ ಬಂದೇಬರುತ್ತದೆ ಎಂದಿಲ್ಲ, ಎರಡೂ ಬದಿ ಬೇರೆಬೇರೆಯಾಗಿ ಕಲಿಸಬೇಕು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕೇಸಾಕು.

ನಿಮ್ಮ ಮೈಯನ್ನು ಅದು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಅನ್ನುವುದಕ್ಕೆ ಬರ್ಲಿನ್ನಿನ ಹಾನ್ಸ್ ಸಾಕ್ಷಿ. ಗೊರಸು ಕುಟ್ಟಿ ಉತ್ತರ ಹೇಳುತ್ತಿದ್ದ ಅದು ಲೆಕ್ಕ ಮಾಡುವ ಕುದುರೆಯೆಂದು ಹೆಸರಾಗಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ ಗೊತ್ತಾದದ್ದು, ಪ್ರಶ್ನೆ ಕೇಳಿದವರಿಗೇ ಅರಿವಿಲ್ಲದೆ ಅವರ ತಲೆ ಒಂಚೂರು ಅಲುಗುವುದನ್ನು ನೋಡಿ ಹಾನ್ಸ್ ಗೊರಸು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಉಸಿರು ಬಿಗಿಹಿಡಿದು "ಹೆದರಬೇಡ" ಎಂದರೆ ಕುದುರೆ ಉಸಿರನ್ನೇ ನಂಬುತ್ತದೆ.

ಕ್ಯಾರೆಟ್ ಕೊಟ್ಟು ಸ್ನೇಹ ಮಾಡಿಕೊಳ್ಳುತ್ತೇವೆ ಅನ್ನುವವರೂ ಇದ್ದಾರೆ. ಕೊಡಿ, ಆದರೆ ಮೂತಿ ನಿಮ್ಮ ಜೇಬಿನಿಂದ ಆಚೆ ತಿರುಗಿದಾಗ ಮಾತ್ರ. ಇಲ್ಲದಿದ್ದರೆ ಕಚ್ಚುವ ಚಾಳಿ ಹತ್ತುತ್ತದೆ. ಕತ್ತಿಗೆ ಪಟಪಟ ಬಡಿಯುವುದಕ್ಕಿಂತ ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬಿನಲ್ಲಿ ಕೆರೆಯುವುದು ಒಳ್ಳೆಯದು; ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ.

ಇನ್ನು ಹತ್ತುವುದು. ರೇಸ್ ಲಾಯದಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯ ಕಾಲೆತ್ತಿ ಮೇಲೆ ಕೂರಿಸುವುದುಂಟು. ಆದ್ದರಿಂದ ಸವಾರ ಹತ್ತುವ ಮೆಟ್ಟಿಲ ಪಕ್ಕ ಸುಮ್ಮನೆ ನಿಲ್ಲುವುದೇ ಅದಕ್ಕೆ ಹೊಸ ವಿದ್ಯೆ. ಮೊದಲ ಕೆಲವು ದಿನ ರಿಕಾಪಿಗೆ ಕಾಲಿಟ್ಟು ತೆಗೆಯಿರಿ, ಅಷ್ಟೇ. ಆಮೇಲೆ ನಿಮ್ಮ ಹೊಟ್ಟೆಯನ್ನು ಜೀನಿನ ಮೇಲೆ ಊರಿ ಒರಗಿ ಇಳಿಯಿರಿ. ಕದಲಿದರೆ ಬೈಯದೆ ಅದೇ ಜಾಗಕ್ಕೆ ತಂದು ಮತ್ತೆ ನಿಲ್ಲಿಸಿ. ಹೆಲ್ಮೆಟ್ ಹಾಕಿಕೊಂಡು, ಹಗ್ಗ ಹಿಡಿಯಲು ಕುದುರೆ ನೋಡಿಕೊಳ್ಳುವ ಅನುಭವಿ ಸೈಸನೊಬ್ಬ ಪಕ್ಕದಲ್ಲಿರುವ ದಿನವೇ ಪೂರ್ತಿ ಕೂರಿ. ಕೂತ ಮೇಲೂ ಅದು ಕತ್ತು ಇಳಿಸಿ ಉಸಿರು ಬಿಡುವವರೆಗೆ ಮುಂದಕ್ಕೆ ಹೊರಡಿಸಬೇಡಿ.