ಭಾಷಣ ಇರಲಿ, ಮಾತ್ರೆ ಹತ್ತಿರದಲ್ಲಿ ಸಿಗಲಿ

ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಬಗ್ಗೆ ಜಾಗೃತಿ ಶಿಬಿರ ಹೆಚ್ಚಬೇಕು ಎಂದು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಸರಿ. ಆದರೆ ಕಾಯಿಲೆ ಅಂತ ಗೊತ್ತಿಲ್ಲದೆ ಯಾರೂ ಸುಮ್ನಿಲ್ಲ. ಊರಿಗೆ ಗೊತ್ತಾದರೆ ಮನೆ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ ಅನ್ನುವ ಭಯವೇ ಜಾಸ್ತಿ. ಮಾಗಡಿ ಕಡೆಯ ನಮ್ಮ ಚಿಕ್ಕಮ್ಮ ಮಗನನ್ನು ನಿಮ್ಹಾನ್ಸ್‌ಗೆ ಕರೆತರುತ್ತಾರೆ. ಫೈಲು ಸೀರೆ ಅಂಗಡಿ ಕವರ್‌ನೊಳಗೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಮಿಂಟೋ ಆಸ್ಪತ್ರೆಗೆ, ಕಣ್ಣು ತೋರಿಸೋಕೆ" ಅಂತಾರೆ. ಒಂದು ಸಲ ಬಂದು ಹೋದರೆ ಆ ದಿನದ ಕೂಲಿ ಇಲ್ಲ, ಬಸ್ ಚಾರ್ಜು ಬೇರೆ. ಸ್ವಲ್ಪ ಹುಷಾರಾದ ಕೂಡಲೇ ಮಾತ್ರೆ ನಿಲ್ಲಿಸುವುದು ಇದಕ್ಕೇ.

ಹೆದರಿದ ಮನೆಯವರು ಮೊದಲು ಹೋಗುವುದು ದೇವಸ್ಥಾನಕ್ಕೆ. ಹೋಗಲಿ ಬಿಡಿ. ಅಲ್ಲಿನ ಪೂಜಾರಿಗಳೇ "ಪೂಜೆನೂ ಮಾಡಿಸಿ, ಡಾಕ್ಟರ್‌ಗೂ ತೋರಿಸಿ" ಅಂದರೆ ನೂರು ಬ್ಯಾನರ್‌ಗಿಂತ ಮೇಲು.

ದಾರಿ ಇಲ್ಲ ಅಂತೇನಿಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಚಿಕಿತ್ಸೆ ಶುರು ಮಾಡಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಬಹುದು. ಮನೆಯಿಂದ ಹೊರಡಲೂ ಹಿಂಜರಿಕೆ ಇದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 2022ರಿಂದ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅಂದಹಾಗೆ, ಹಳ್ಳಿಯವರನ್ನೇ ಯಾಕೆ ದೂರುವುದು? ಬೆಂಗಳೂರಿನ ಆಫೀಸುಗಳಲ್ಲಿ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರಪ್ಪ" ಅಂತ ನಗುವವರು ನಾವೇ ಅಲ್ವಾ?

ಸಂಪಾದಕರೇ, ಇಂಥ ಲೇಖನದ ಕೆಳಗೆ ಆ ನಂಬರ್ ಒಂದನ್ನಾದರೂ ದಪ್ಪಕ್ಷರದಲ್ಲಿ ಹಾಕಿ.